ಸುಟ್ಟ ಫ್ಯೂಸು ಹೇಳುವ ಮಾತು

ಕತ್ತಲೆಯ ದಾರಿಯಲ್ಲಿ ಮೋಟಾರಿಗೆ ಮುಂದಿನ ದೀಪಗಳು ಕಣ್ಣಾದರೆ, ಹಿಂದಿನ ಕೆಂಪು ದೀಪಗಳು ನಾಲಗೆ. 'ನಾನಿಲ್ಲಿದ್ದೇನೆ, ಎಚ್ಚರ!' ಎಂದು ಹಿಂದೆ ಬರುವವನಿಗೆ ಹೇಳುವುದು ಅವುಗಳ ಕೆಲಸ. ಕಣ್ಣು ಕೆಟ್ಟರೆ ಚಾಲಕನಿಗೆ ಕೂಡಲೇ ತಿಳಿಯುತ್ತದೆ. ನಾಲಗೆ ಬಿದ್ದುಹೋದರೆ ತಿಳಿಯುವುದಿಲ್ಲ. ಮುಂದಿನ ದಾರಿ ಬೆಳಗುತ್ತಲೇ ಇರುತ್ತದೆ. ಹಿಂಬದಿ ಮಾತ್ರ ಕತ್ತಲಲ್ಲಿ ಕರಗಿರುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವುಂಟು. ಇದು ಕೃಷ್ಣೆಯ ದಂಡೆಯ ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ನುರಿಸುವ ಚಳಿಗಾಲದಲ್ಲಿ, ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳು ಇರುಳು ಹೊತ್ತಿನಲ್ಲಿಯೂ ನಿಧಾನವಾಗಿ ಸಾಗುತ್ತಿರುತ್ತವೆ. ಅವುಗಳ ಬೆನ್ನಿಗೆ ಬಂದ ಕಾರು ಒಮ್ಮೆಲೇ ವೇಗ ತಗ್ಗಿಸಬೇಕಾಗುತ್ತದೆ. ಆಗ ಕಾರಿನ ಹಿಂದೀಪಗಳು ಆರಿದ್ದರೆ, ಅದರ ಹಿಂದಿರುವ ಲಾರಿಯವನಿಗೆ ಸುಳಿವು ಸಿಗುವ ಬಗೆಯೇನು? ಹಿಂದಿನ ಕೆಂಪು ದೀಪ ೧೫೫ ಮೀಟರು ದೂರದಿಂದ ಕಾಣಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವುದು ಸುಮ್ಮನೆ ಅಲ್ಲ.

ಒಡೆದ ಕಾಲುವೆ

ಕಾರಿನಲ್ಲಿ ವಿದ್ಯುತ್ತು ಹೋಗಲು ತಂತಿಯುಂಟು. ಬ್ಯಾಟರಿಯವರೆಗೆ ಮರಳಲು ಬೇರೆ ತಂತಿ ಬಹುಮಟ್ಟಿಗೆ ಇಲ್ಲ. ಬ್ಯಾಟರಿಯಿಂದ ಹೊರಟ ಪ್ರವಾಹವು ಫ್ಯೂಸು, ಸ್ವಿಚ್ಚು, ದೀಪಗಳನ್ನು ಹಾದು, ಗಾಡಿಯ ಲೋಹದ ಮೈಯ ಮೂಲಕವೇ ಹಿಂದಿರುಗುತ್ತದೆ. ಆದುದರಿಂದ ತಂತಿಯ ಹೊದಿಕೆ ಎಲ್ಲಾದರೂ ಸವೆದು ಒಳಗಿನ ತಾಮ್ರ ಆ ಮೈಗೆ ತಾಗಿದರೆ, ಪ್ರವಾಹವು ದೀಪವನ್ನು ಮುಟ್ಟದೆ ಒಳದಾರಿ ಹಿಡಿಯುತ್ತದೆ. ಗದ್ದೆಗೆ ಬಿಟ್ಟ ನೀರು ಕಾಲುವೆಯ ಒಡ್ಡು ಒಡೆದು ಹಳ್ಳಕ್ಕೆ ನುಗ್ಗಿದಂತೆ! ಇದಕ್ಕೇ 'ಶಾರ್ಟ್' ಎಂದು ಹೆಸರು.

೧೨ ವೋಲ್ಟಿನ ಕಾರಿನಲ್ಲಿ ೫ ವಾಟಿನ ಹಿಂದೀಪ ಅರ್ಧ ಆಂಪಿಯರನ್ನೂ ಬೇಡುವುದಿಲ್ಲ. ಒಳದಾರಿ ತೆರೆದಾಗ ಅದೇ ತಂತಿಯಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ಆಂಪಿಯರು ಧಾವಿಸಬಹುದು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ತಂತಿ ಉರಿಯುವ ಮೊದಲೇ ತಾನು ಸುಟ್ಟು ದಾರಿ ಕಡಿಯುವುದು ಫ್ಯೂಸಿನ ಧರ್ಮ. ಹತ್ತರ ಫ್ಯೂಸು ಸುಟ್ಟಿತೆಂದು ಮೂವತ್ತರದನ್ನು ಹಾಕುವುದು, ಇಲ್ಲವೆ ತಂತಿಯ ತುಂಡನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ತುರುಕುವುದು, ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿ ಕಟ್ಟಿದಂತೆ. ಆಮೇಲೆ ಸುಡುವುದು ತಂತಿ. ಅದರೊಡನೆ ಗಾಡಿಯೂ ಸುಡಬಹುದು.

ಸುಟ್ಟದ್ದು ಯಾವಾಗ?

ಒಳ್ಳೆಯ ಮೆಕ್ಯಾನಿಕನು ತಂತಿಗೆ ಕೈ ಹಚ್ಚುವ ಮೊದಲು ಈ ಪ್ರಶ್ನೆ ಕೇಳುತ್ತಾನೆ. ದೀಪದ ಸ್ವಿಚ್ಚು ಹಾಕಿದೊಡನೆ ಸುಟ್ಟರೆ ದೋಷ ಹಿಂದೀಪದ ಸಾಲಿನಲ್ಲಿ. ಬ್ರೇಕು ತುಳಿದಾಗ ಮಾತ್ರ ಸುಟ್ಟರೆ ಬ್ರೇಕುದೀಪದ ತಂತಿಯಲ್ಲಿ. ಗಾಡಿ ತಗ್ಗಿಗೆ ಬಿದ್ದಾಗ ಸುಟ್ಟರೆ, ಎಲ್ಲಿಯೋ ಸವೆದ ತಂತಿ ಅಲುಗಾಡಿ ತಗಡಿಗೆ ತಾಗುತ್ತಿದೆ. ಮಳೆಯಲ್ಲಿ ಸುಟ್ಟರೆ ದೀಪದ ಗೂಡಿಗೆ ನೀರು ಸೇರಿರಬೇಕು. ಹಲವು ಗಾಡಿಗಳಲ್ಲಿ ಚಾಲಕನ ಮುಂದಿನ ಮೀಟರು ಫಲಕದ ದೀಪವೂ ಹಿಂದೀಪದ ಫ್ಯೂಸಿಗೇ ಸೇರಿರುತ್ತದೆ; ಅದು ಆರಿದರೆ ಹಿಂದಿನ ದೀಪವನ್ನೂ ಇಳಿದು ನೋಡುವುದು ಲೇಸು.

ತಂತಿ ಸವೆಯುವ ಸ್ಥಳಗಳೂ ಗೊತ್ತಾದವುಗಳೇ: ಡಿಕ್ಕಿಯ ಬಾಗಿಲಿನ ಕೀಲು, ರಬ್ಬರು ಬಳೆ ಕಳಚಿದ ತಗಡಿನ ರಂಧ್ರ, ಅಲಂಕಾರಕ್ಕೆಂದು ತರುವಾಯ ಕೂಡಿಸಿದ ದೀಪಗಳ ಗಂಟು. ಹೊಲದ ಬದಿಯಲ್ಲಿ ನಿಂತ ಗಾಡಿಗೆ ಇಲಿಯ ಹಲ್ಲಿನ ಭಯವೂ ಉಂಟು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ಸೀಮೆಯ ಊರುಗಳಿಗೆ ನೀರು ನುಗ್ಗಿತ್ತು. ಇಂಥ ನೆರೆಯಲ್ಲಿ ನಿಂತ ಗಾಡಿಯ ತಂತಿ ಜೋಡಣೆಗಳಲ್ಲಿ ಕೆಸರು ಉಳಿದು, ಹಸಿರು ಕಿಲುಬು ಕಟ್ಟಿ, ತಿಂಗಳುಗಳ ಮೇಲೆ ದೀಪ ಕೈಕೊಡುವುದುಂಟು.

ಫ್ಯೂಸಿನ ಜಾಗದಲ್ಲಿ ಬಲ್ಬು

ಹೊಸ ಫ್ಯೂಸುಗಳನ್ನು ಒಂದಾದ ಮೇಲೊಂದು ಸುಡುತ್ತ ಹೋಗುವುದು ಪರೀಕ್ಷೆಯಲ್ಲ. ಅನುಭವಿಗಳು ೧೨ ವೋಲ್ಟು, ೨೧ ವಾಟಿನ ಬ್ರೇಕುದೀಪದ ಬಲ್ಬಿಗೆ ಎರಡು ತಂತಿ ಬೆಸೆದು, ಸುಟ್ಟ ಫ್ಯೂಸಿನ ಜಾಗದಲ್ಲಿ ಕೂಡಿಸುತ್ತಾರೆ. ಆ ಸಾಲಿನ ದೀಪಗಳನ್ನೆಲ್ಲ ಮೊದಲು ಬಿಚ್ಚಿಡುತ್ತಾರೆ. ಎಂಜಿನು ನಿಂತಿರಬೇಕು, ಸ್ವಿಚ್ಚು ಹಾಕಿರಬೇಕು. ಈಗ ಬಲ್ಬು ಪೂರ್ಣವಾಗಿ ಬೆಳಗಿದರೆ ಒಡ್ಡು ಒಡೆದಿರುವುದು ನಿಶ್ಚಯ. ಬಲ್ಬೇ ತಡೆಯಾಗಿ ನಿಲ್ಲುವುದರಿಂದ ಎರಡು ಆಂಪಿಯರಿಗೆ ಮಿಕ್ಕಿ ಪ್ರವಾಹ ಹರಿಯದು, ತಂತಿ ಬಿಸಿಯೇರದು.

ಒಡೆದ ಜಾಗ ಹುಡುಕುವ ರೈತ ಕಾಲುವೆಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬರುವಂತೆ, ಇಲ್ಲಿಯೂ ಹಿಂಬದಿಯಿಂದ ಒಂದೊಂದೇ ಜೋಡಣೆಯನ್ನು ಕಳಚುತ್ತ ಬರಬೇಕು. ಯಾವ ಜೋಡಣೆ ಕಳಚಿದಾಗ ಬಲ್ಬು ಆರುವುದೋ, ದೋಷ ಅದರ ಆಚೆಗಿದೆ. ಬಳಿಕ ಆ ತುಂಡಿನ ತಂತಿಯನ್ನು ಮೆಲ್ಲನೆ ಅಲುಗಿಸುತ್ತ ಕಣ್ಣಿಟ್ಟು ನೋಡಿದರೆ ಗಾಯ ಕಾಣುತ್ತದೆ. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಕೆಟ್ಟ ಭಾಗವನ್ನು ಕತ್ತರಿಸಿ, ಅದೇ ದಪ್ಪದ ತಂತಿ ಕೂಡಿಸಿ, ಹೊದಿಕೆ ಹಾಕಿ, ಚೂಪು ಅಂಚಿನಿಂದ ದೂರ ಕಟ್ಟಬೇಕು. ಫ್ಯೂಸು ಮಾತ್ರ ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಯದೇ ಆಗಿರಬೇಕು.

ಒಂದು ಎಚ್ಚರಿಕೆ: ಈಚಿನ ಹಲವು ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರು ಪೆಟ್ಟಿಗೆಯೇ ಆಳುತ್ತದೆ, ಕೆಲವು ದೀಪಗಳಿಗೆ ಪ್ರತ್ಯೇಕ ಫ್ಯೂಸೇ ಇಲ್ಲ. ಅಲ್ಲಿ ಈ ಬಲ್ಬಿನ ಉಪಾಯ ಸಲ್ಲದು. ತಿಳಿದವರ ಕೈಗೆ ಒಪ್ಪಿಸುವುದೇ ಸರಿ.

ದೋಷ ಹುಡುಕಲು ವಿದ್ಯೆ ಬೇಕು. ದೀಪ ಆರಿದೆಯೇ ಎಂದು ನೋಡಲು ಬೇಕಾದುದು ಒಂದು ಗೋಡೆ ಮಾತ್ರ. ಸಂಜೆ ಹೊರಡುವ ಮೊದಲು ಗಾಡಿಯ ಬೆನ್ನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ದೀಪ ಹಾಕಿ, ಬ್ರೇಕು ತುಳಿದು, ಕನ್ನಡಿಯಲ್ಲಿ ನೋಡಿದರೆ ಸಾಕು. ಗೋಡೆ ಎರಡು ಕಡೆಯೂ ಕೆಂಪಗಾದರೆ ಗಾಡಿ ದಾರಿಗಿಳಿಯಬಹುದು.