ಹುಳು ಸಾಕುವ ಮನೆಯಲ್ಲಿ ಹೊಗೆ ಸೂಚಕ ಎಲ್ಲಿರಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಅನೇಕ ರೇಷ್ಮೆ ಬೆಳೆಗಾರರಿಗೆ ವಾಸದ ಮನೆಯೇ ಹುಳು ಮನೆಯೂ ಹೌದು. ಬೇರೆ ಸಾಕಣೆ ಮನೆ ಕಟ್ಟಿಕೊಂಡವರೂ ಹುಳು ಹಣ್ಣಾಗುವ ದಿನಗಳಲ್ಲಿ ಅಲ್ಲಿಯೇ ಮಲಗುವುದುಂಟು. ಎಳೆಯ ಹುಳುಗಳಿಗೆ 26ರಿಂದ 28 ಡಿಗ್ರಿ, ಬಲಿತ ಹುಳುಗಳಿಗೆ 24ರಿಂದ 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಆದ್ದರಿಂದ ಚಳಿಗಾಲದ ರಾತ್ರಿ ಒಣ ಬಿದಿರಿನ ತಟ್ಟೆ, ಚಂದ್ರಿಕೆ, ಕಾಗದಗಳ ನಡುವೆಯೇ ಇದ್ದಿಲು ಒಲೆ ಅಥವಾ ವಿದ್ಯುತ್ ಹೀಟರ್ ಇರುತ್ತದೆ. ಕಿಡಿ ಬಿದ್ದರೆ ನಿದ್ರೆಯಲ್ಲಿರುವವರಿಗೆ ಹೊಗೆಯ ವಾಸನೆಯಿಂದ ಎಚ್ಚರವಾಗುತ್ತದೆಂದು ನಂಬುವಂತಿಲ್ಲ. ಬ್ಯಾಟರಿಯಿಂದ ನಡೆಯುವ ಹೊಗೆ ಸೂಚಕವನ್ನು ಅಳವಡಿಸುವುದು ಇದಕ್ಕಾಗಿಯೇ. ವಿದ್ಯುತ್ ಕಡಿತವಾದರೂ ಅದು ಕೂಗುತ್ತದೆ.

ಈ ಸಾಧನದೊಳಗೆ ಒಂದು ಸಣ್ಣ ಬೆಳಕಿನ ಕಿರಣವಿರುತ್ತದೆ. ಹೊಗೆಯ ಕಣಗಳು ಒಳಹೊಕ್ಕರೆ ಬೆಳಕು ಚದುರಿ ಗಂಟೆ ಬಾರಿಸುತ್ತದೆ. ತೊಡಕಿರುವುದೂ ಇಲ್ಲಿಯೇ. ಹೊಗೆಗೂ ಧೂಳಿಗೂ ನೀರಿನ ಆವಿಗೂ ಈ ಕಿರಣ ಭೇದವೆಣಿಸುವುದಿಲ್ಲ. ಹುಳು ಜ್ವರಕ್ಕೆ ಕೂರುವಾಗ ಉದುರಿಸುವ ಸುಣ್ಣದ ಪುಡಿ, ಹಾಸಿಗೆಗೆ ಹಾಕುವ ಸೋಂಕು ನಿವಾರಕ ಪುಡಿ, ಚಾಕಿ ಕೋಣೆಯ ಶೇಕಡ 80-90ರ ತೇವಾಂಶ, ಇವೆಲ್ಲವೂ ಸುಳ್ಳು ಗಂಟೆಗೆ ಕಾರಣವಾಗಬಹುದು. ನಾಲ್ಕು ಬಾರಿ ಸುಳ್ಳು ಕೂಗಿದರೆ ಮನೆಯವರು ಬ್ಯಾಟರಿಯನ್ನೇ ಕಿತ್ತಿಡುತ್ತಾರೆ. ಅಂಥ ಸೂಚಕ ಗೋಡೆಯ ಅಲಂಕಾರ ಮಾತ್ರ.

ಆದ್ದರಿಂದ ಸೂಚಕವನ್ನು ತಟ್ಟೆಗಳ ನೇರಕ್ಕೆ ತೂಗಹಾಕಬಾರದು. ಹುಳು ಕೋಣೆಗೂ ಮಲಗುವ ಜಾಗಕ್ಕೂ ನಡುವಿನ ನಡುಮನೆ ಅಥವಾ ಓಣಿಯ ಚಾವಣಿ ಮೊದಲ ಸ್ಥಳ. ಮಲಗುವ ಕೋಣೆಯೊಳಗೆ ಇನ್ನೊಂದು ಇರಬೇಕು. ಆರ್‌ಸಿಸಿ ಮನೆಯಲ್ಲಿ ಚಾವಣಿಯ ಮಧ್ಯಭಾಗ ಉತ್ತಮ. ಗೋಡೆಗೆ ಹಾಕುವುದಾದರೆ ಚಾವಣಿಯಿಂದ 10ರಿಂದ 30 ಸೆಂಟಿಮೀಟರ್ ಕೆಳಗಿರಲಿ. ಗೋಡೆಯೂ ಚಾವಣಿಯೂ ಕೂಡುವ ಮೂಲೆಗೆ ಹೊಗೆ ಬೇಗ ತಲುಪುವುದಿಲ್ಲ. ಇಳಿಜಾರು ಚಾವಣಿಯಾದರೆ ಸೂಚಕ ಎತ್ತರದ ತುದಿಯ ಸಮೀಪವಿರಬೇಕು, ತೀರ ತುದಿಯಲ್ಲಲ್ಲ. ಬರಿ ಹೆಂಚಿನ ಮನೆಯಲ್ಲಿ ಹೊಗೆ ಸಂದುಗಳಿಂದ ಹೊರಹೋಗಿಬಿಡುವುದರಿಂದ ಒಂದೇ ಸೂಚಕವನ್ನು ನೆಚ್ಚುವುದು ಸರಿಯಲ್ಲ. ಫ್ಯಾನು, ಕಿಟಕಿಗಳಿಂದ ದೂರವಿಡಬೇಕು. ಅಡುಗೆ ಒಲೆಯಿಂದ ಕನಿಷ್ಠ 3 ಮೀಟರ್ ಅಂತರವಿರಲಿ.

ಹುಳು ಕೋಣೆಯ ಒಳಗೇ ಬೇಕೆನ್ನುವವರು ಹೊಗೆ ಸೂಚಕದ ಬದಲು ಉಷ್ಣತೆ ಸೂಚಕ ಹಾಕಬಹುದು. ಧೂಳಿಗೆ ಇದು ಅಷ್ಟಾಗಿ ಮೋಸಹೋಗುವುದಿಲ್ಲ, ಆದರೆ ತಡವಾಗಿ ಎಚ್ಚರಿಸುತ್ತದೆ. ಮರದ ಪುಡಿ ಹಾರುವ ಚನ್ನಪಟ್ಟಣದ ಬೊಂಬೆ ಕೆಲಸದ ಕೋಣೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮನೆಯ ಹೊರಗಿನ ರಾಗಿ ಹುಲ್ಲಿನ ಮೆದೆಗೆ ಮಾತ್ರ ಇಂಥ ಯಾವ ಸೂಚಕವೂ ಕೆಲಸಕ್ಕೆ ಬಾರದು. ಮೆದೆಯನ್ನು ಮನೆಯಿಂದ ದೂರ ಒಟ್ಟಬೇಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕೆಂಡವಾದ ಇದ್ದಿಲು ಹೊಗೆಯಿಲ್ಲದೆ ಉರಿಯುವುದರಿಂದ ಅಪಾಯವಿಲ್ಲವೆಂದು ಹಲವರು ತಿಳಿದಿದ್ದಾರೆ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೊಗೆ ಸೂಚಕಕ್ಕೆ ಅದು ತಿಳಿಯುವುದೇ ಇಲ್ಲ. ಅದಕ್ಕೆ ಬೇರೆಯೇ ಸಾಧನ ಬೇಕು. ತಲೆನೋವು, ತಲೆಸುತ್ತು, ವಾಂತಿ ಕಂಡರೆ ತಕ್ಷಣ ಎಲ್ಲರೂ ಬಯಲಿಗೆ ಬರಬೇಕು. ಈ ಅನಿಲ ಹುಳುಗಳಿಗೂ ಹಾನಿಕರ. ಒಲೆಯನ್ನು ಹೊರಗೆ ಹೊತ್ತಿಸಿ, ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು ಬಳಸಬೇಕು. ಒಲೆಯಿರುವ ಕೋಣೆಯಲ್ಲಿ ಯಾರೂ ಮಲಗಬಾರದು.

ಸೂಚಕದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಸದ್ದು ಪರೀಕ್ಷಿಸಬೇಕು. ಪ್ರತಿ ಬೆಳೆ ಮುಗಿದು ಕೋಣೆಯನ್ನು ತೊಳೆಯುವ ಮುನ್ನ ಅದನ್ನು ಬಿಚ್ಚಿ ತೆಗೆದಿರಿಸಿ, ಒಣ ಬ್ರಷ್‌ನಿಂದ ಧೂಳು ತೆಗೆದು, ಸೋಂಕು ನಿವಾರಕ ಸಿಂಪಡಿಸಿ ಕೋಣೆ ಒಣಗಿದ ಮೇಲೆ ಮತ್ತೆ ಅದೇ ಜಾಗಕ್ಕೆ ಹಾಕಬೇಕು. 10 ವರ್ಷ ತುಂಬಿದ ಸೂಚಕವನ್ನು ಬದಲಾಯಿಸಬೇಕು.