ಹೆರಿಗೆ ಆಸ್ಪತ್ರೆಯ ಗುಣಮಟ್ಟ: ಒಂದು ಹಾಳೆಯ ಪಾಠ

ಆಸ್ಪತ್ರೆ ಒಳ್ಳೆಯದಾಗಬೇಕಾದರೆ ದೊಡ್ಡ ಕಟ್ಟಡ, ಬೆಲೆಬಾಳುವ ಯಂತ್ರಗಳು ಬೇಕೆಂದು ನಮ್ಮಲ್ಲಿ ಅನೇಕರ ನಂಬಿಕೆ. ಅವು ಬೇಡವೆಂದಲ್ಲ. ಆದರೆ ಇರುವ ಸೌಕರ್ಯದಲ್ಲಿಯೇ ಮಾಡಬೇಕಾದ ಕೆಲಸವನ್ನು ಪ್ರತಿ ಸಲವೂ ತಪ್ಪದೆ ಮಾಡುವುದು ಅದಕ್ಕಿಂತ ಮೊದಲಿನ ಮಾತು. ಗುಣಮಟ್ಟದ ನಿರ್ವಹಣೆಯೆಂದರೆ ಮುಖ್ಯವಾಗಿ ಇದೇ.

ಹೆರಿಗೆಯ ವಿಷಯವನ್ನೇ ತೆಗೆದುಕೊಳ್ಳಿ. ತಾಯಿಯ ಪ್ರಾಣಕ್ಕೆ ಅಪಾಯ ತರುವವುಗಳಲ್ಲಿ ಅತಿ ರಕ್ತಸ್ರಾವ, ನಂಜು, ಏರಿದ ರಕ್ತದೊತ್ತಡ ಮುಖ್ಯವಾದುವು. ಇವುಗಳ ವಿರುದ್ಧ ಕೈಗೊಳ್ಳಬೇಕಾದ ಮೊದಲ ಕ್ರಮಗಳು ಸರಳವಾಗಿವೆ: ಸೋಪಿನಿಂದ ಕೈ ತೊಳೆಯುವುದು, ಜ್ವರ ಮತ್ತು ರಕ್ತದೊತ್ತಡ ನೋಡುವುದು, ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು. ದಾದಿಯರಿಗೆ ಇವು ತಿಳಿಯದವಲ್ಲ. ಆದರೆ ಒಬ್ಬರೇ ಹಲವು ಹೆರಿಗೆಗಳನ್ನು ನೋಡಬೇಕಾದಾಗ ಒಂದಲ್ಲ ಒಂದು ಬಿಟ್ಟುಹೋಗುತ್ತದೆ.

ಹೀಗಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಈ ಕ್ರಮಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿತು. ಗರ್ಭಿಣಿ ದಾಖಲಾದಾಗ, ಹೆರಿಗೆಗೆ ಮುಂಚೆ, ಹೆರಿಗೆಯಾದ ಕೂಡಲೆ, ಮನೆಗೆ ಕಳುಹಿಸುವಾಗ ಎಂದು ನಾಲ್ಕು ಸಲ ಪಟ್ಟಿ ನೋಡಿ ಗುರುತು ಹಾಕಬೇಕು. 2010ರಲ್ಲಿ ನಮ್ಮ ಕರ್ನಾಟಕದಲ್ಲೇ, ಜಿಲ್ಲಾಸ್ಪತ್ರೆಗಿಂತ ಕೆಳಹಂತದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇದರ ಪ್ರಯೋಗ ನಡೆಯಿತು. 29 ಕ್ರಮಗಳ ಪೈಕಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದುವು. ಪಟ್ಟಿ ಬಂದ ಮೇಲೆ 25 ನಡೆದುವು.

ಹಾಗೆಂದು ಹಾಳೆಯೊಂದೇ ಸಾಲದು. ಮುಂದೆ ಉತ್ತರ ಪ್ರದೇಶದ 120 ಆಸ್ಪತ್ರೆಗಳನ್ನು ಆರಿಸಿ, ಅರ್ಧದಷ್ಟರಲ್ಲಿ ಪಟ್ಟಿಯನ್ನು ಜಾರಿಗೆ ತಂದು, ಮಾರ್ಗದರ್ಶಕರನ್ನೂ ಕಳುಹಿಸಿದರು. ಆರಂಭದಲ್ಲಿ ಪರಿಶೀಲಿಸಿದ ಕ್ರಮಗಳು ನೂರಕ್ಕೆ 73ರಷ್ಟು ನಡೆದುವು. ಮಾರ್ಗದರ್ಶಕರು ಬರುವುದು ನಿಂತ ಮೇಲೆ ಅದು 62ಕ್ಕೆ ಇಳಿಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿ ಮತ್ತು ಶಿಶುಗಳ ಮರಣವು ಉಳಿದ ಆಸ್ಪತ್ರೆಗಳಿಗಿಂತ ಕಡಿಮೆಯಾಗಿರಲಿಲ್ಲ. ಹೊಲದ ಕಳೆಯನ್ನು ಒಮ್ಮೆ ಕಿತ್ತರೆ ಸಾಲದು, ಗೊಬ್ಬರ ನೀರೂ ಬೇಕಲ್ಲವೆ? ಹಾಗೆಯೇ ಪಟ್ಟಿಯ ಜೊತೆಗೆ ನಿರಂತರ ಮೇಲ್ವಿಚಾರಣೆ, ಕೈಪಳಗಿದ ಸಿಬ್ಬಂದಿ, ಔಷಧಿ, ತೊಡಕಾದಾಗ ದೊಡ್ಡ ಆಸ್ಪತ್ರೆಗೆ ಬೇಗ ಸಾಗಿಸುವ ವ್ಯವಸ್ಥೆ ಇರಲೇಬೇಕು.

ಇದರಲ್ಲಿ ಗ್ರಾಮಸ್ಥರ ಪಾಲೂ ಇದೆ. ಆಸ್ಪತ್ರೆಯ ಸಮಿತಿಯಲ್ಲಿರುವ ನಿಮ್ಮ ಪ್ರತಿನಿಧಿಗಳು ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಲಿ:

1. ಹೆರಿಗೆ ಕೋಣೆಯ ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು ದಿನವೂ ಇರುತ್ತದೆಯೆ?
2. ಆಕ್ಸಿಟೋಸಿನನ್ನು ತಂಪಿನಲ್ಲಿಡಬೇಕು. ವಿದ್ಯುತ್ತು ಹೋದಾಗ ಏನು ಏರ್ಪಾಡು?
3. ಪಟ್ಟಿಯನ್ನು ಪ್ರತಿ ಹೆರಿಗೆಗೂ ತುಂಬುತ್ತಿದ್ದಾರೆಯೆ? ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸುವವರು ಯಾರು?

ತಪ್ಪು ಹುಡುಕಿ ದಾದಿಯರನ್ನು ದೂರುವುದಕ್ಕಾಗಿ ಈ ಪ್ರಶ್ನೆಗಳಲ್ಲ. ಕೊರತೆಯನ್ನು ಕಂಡು ಒಟ್ಟಾಗಿ ಸರಿಪಡಿಸುವುದಕ್ಕಾಗಿ. ಹೆರಿಗೆಯಾದ ತಾಯಿಯನ್ನು ಕನಿಷ್ಠ 24 ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವುದು ಮನೆಯವರ ಹೊಣೆ. ಆತುರಪಟ್ಟು ಕರೆದೊಯ್ಯಬೇಡಿ.