‘ಓನ್ಲಿ’ ಎಂಬ ಪದವೂ ನಮ್ಮ ‘ಏ’ಕಾರವೂ



ಇಂಗ್ಲಿಷು ಕಲಿತವರಲ್ಲಿ ‘ಓನ್ಲಿ’ ಎಂಬ ಪದವನ್ನು ಅರಿಯದವರಿಲ್ಲ. ಅದರ ಅರ್ಥವೇನೆಂದು ಕೇಳಿದರೆ ಕೆಳಗಿನ ತರಗತಿಯ ಬಾಲಕನೂ ‘ಮಾತ್ರ’ ಎಂದು ಥಟ್ಟನೆ ಹೇಳಿಬಿಡುವನು. ಆದರೆ ಒಂದು ಪದದ ಅರ್ಥವನ್ನು ಬಲ್ಲವರೆಲ್ಲರೂ ಅದರ ಪ್ರಯೋಗವನ್ನು ಬಲ್ಲರೆಂದು ಹೇಳಲಾಗದು. ಇಷ್ಟು ಸಣ್ಣ ಪದದಿಂದ ಎಷ್ಟು ನಷ್ಟವಾಗಬಹುದೆಂಬುದಕ್ಕೆ ನಮ್ಮ ಅನುಭವಕ್ಕೆ ಬಂದ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇವೆ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ಹಿಂದೆ ವಡಿಗೇನಹಳ್ಳಿಯೆನಿಸಿಕೊಂಡಿದ್ದ ಊರು. ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದುದು. ಅದರ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ಜತೆಗೆ ದ್ರಾಕ್ಷಿಯ ತೋಟಗಳೂ ಉಂಟು. ಆ ಕಡೆಯವನಾದ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಗೆ ಹೊರರಾಜ್ಯದ ಒಬ್ಬ ಹಣ್ಣಿನ ವರ್ತಕರೊಡನೆ ವ್ಯವಹಾರ ಏರ್ಪಟ್ಟಿತ್ತು. ವರ್ತಕರಿಗೆ ಕನ್ನಡ ಬಾರದು. ತಂದೆಗೆ ಇಂಗ್ಲಿಷು ಬಾರದು. ಹಣ್ಣು ಮಾಗಿತ್ತು, ಆಕಾಶದಲ್ಲಿ ಮೋಡ ಕವಿಯುತ್ತಿತ್ತು. “ಸೋಮವಾರವೇ ಬರಬೇಕೆಂದು ಬರೆಯಪ್ಪ” ಎಂದು ತಂದೆ ಹೇಳಲು, ಮಗನು ‘ಪ್ಲೀಸ್ ಕಮ್ ಆನ್ ಮಂಡೇ ಓನ್ಲಿ’ ಎಂದು ಬರೆದು ಕಳುಹಿಸಿದನು. ವರ್ತಕರಿಗೆ ಸೋಮವಾರ ಬೇರೆ ಕೆಲಸವಿತ್ತು. ಮಂಗಳವಾರ ಬರುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೆ ಸೋಮವಾರವಲ್ಲದೆ ಮತ್ತಾವ ದಿನವೂ ಬರಕೂಡದೆಂಬಂತೆ ಒಕ್ಕಣೆಯಿದ್ದುದರಿಂದ ಅವರು ಈ ಕಡೆಯ ಪ್ರಯಾಣವನ್ನು ಕೈಬಿಟ್ಟು ಬೇರೊಂದು ಊರಿನಲ್ಲಿ ಹಣ್ಣನ್ನು ಕೊಂಡರು. ಬುಧವಾರ ಮಳೆ ಸುರಿಯಿತು. ಮಾಗಿದ ಹಣ್ಣು ಗೊಂಚಲಿನಲ್ಲಿಯೇ ಬಿರಿಯಿತು. “ನಾನು ಹೇಳಿದ್ದನ್ನೇ ಬರೆದೆಯೇನಪ್ಪ?” ಎಂದು ತಂದೆ ಕೇಳಿದರಂತೆ. ಮಗನು ಆ ಒಕ್ಕಣೆಯನ್ನು ನಮ್ಮ ಮುಂದಿಟ್ಟು ಅದೇ ಪ್ರಶ್ನೆಯನ್ನು ನಮಗೆ ಹಾಕಿದನು.

ಅವನು ಬರೆದ ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ. ತಂದೆಯ ಅಭಿಪ್ರಾಯ ಮಾತ್ರ ಅದರಲ್ಲಿರಲಿಲ್ಲ. ಇದು ಹೇಗಾಯಿತೆಂಬುದನ್ನು ವಿಚಾರಿಸೋಣ.

ಕನ್ನಡದಲ್ಲಿ ಪದದ ಕೊನೆಗೆ ಸೇರುವ ‘ಏ’ಕಾರವನ್ನು ನಮ್ಮ ವ್ಯಾಕರಣಗಳು ಅವಧಾರಣಾರ್ಥಕವೆಂದು ಕರೆಯುತ್ತವೆ. ಅವಧಾರಣೆಯೆಂದರೆ ನಿಶ್ಚಯ, ಒತ್ತಿ ಹೇಳುವುದು. ಈ ಒಂದೇ ಅಕ್ಷರವು ಎರಡು ಕೆಲಸಗಳನ್ನು ಮಾಡುತ್ತದೆ. “ಅವರಿಗೆ ಒಬ್ಬನೇ ಮಗ” ಎಂದಾಗ ಎರಡನೆಯ ಮಗನಿಲ್ಲವೆಂದು ಅರ್ಥ. ಇಲ್ಲಿ ಅದು ಮಿಕ್ಕುದನ್ನು ಹೊರಗಿಡುತ್ತದೆ. “ಈಗಲೇ ಹೊರಡು”, “ಪುಸ್ತಕ ಇಲ್ಲೇ ಇದೆ”, “ಸೋಮವಾರವೇ ಬನ್ನಿ” ಎಂದಾಗ ಅದು ಯಾವುದನ್ನೂ ಹೊರಗಿಡುವುದಿಲ್ಲ. ತಡವಿಲ್ಲದೆ, ದೂರವಿಲ್ಲದೆ, ತಪ್ಪದೆ ಎಂಬ ಒತ್ತನ್ನಷ್ಟೇ ಕೊಡುತ್ತದೆ. ಯಾವ ಕಡೆ ಯಾವ ಅರ್ಥವೆಂಬುದು ಸಂದರ್ಭದಿಂದಲೂ ಧ್ವನಿಯಿಂದಲೂ ನಮಗೆ ತಾನಾಗಿ ತಿಳಿಯುವುದರಿಂದ ಎರಡು ಕೆಲಸಗಳಿವೆಯೆಂಬುದೇ ನಮ್ಮ ಗಮನಕ್ಕೆ ಬಾರದು.

ಇಂಗ್ಲಿಷಿನ ‘ಓನ್ಲಿ’ಯ ಹುಟ್ಟು ಬೇರೆ ತೆರನಾದುದು. ಪ್ರಾಚೀನ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದ ಶಬ್ದಕ್ಕೆ ‘ಅದರಂತಿರುವ’ ಎಂಬ ಅರ್ಥದ ಪ್ರತ್ಯಯ ಸೇರಿ ಅದು ಆಯಿತು. ಆದುದರಿಂದ ಒಂದನ್ನಿಟ್ಟು ಮಿಕ್ಕುದನ್ನು ತಳ್ಳುವುದೇ ಅದರ ಮುಖ್ಯ ಸ್ವಭಾವ. ‘ಓನ್ಲಿ ಟೆನ್ ರುಪೀಸ್’ ಎಂಬಲ್ಲಿ ‘ಹತ್ತಕ್ಕಿಂತ ಹೆಚ್ಚಿಲ್ಲ’ ಎಂಬ ಅಲ್ಪತ್ವವೂ, ‘ಓನ್ಲಿ ಯೆಸ್ಟರ್ಡೇ’ ಎಂಬಲ್ಲಿ ‘ನಿನ್ನೆಯಷ್ಟೇ, ಅದಕ್ಕೆ ಮುಂಚೆಯಲ್ಲ’ ಎಂಬ ಭಾವವೂ ಆ ಸ್ವಭಾವದಿಂದಲೇ ಬಂದವು. ನಾವು ಹಣದ ಮೊತ್ತವನ್ನು ಅಕ್ಷರಗಳಲ್ಲಿ ಬರೆದು ಕೊನೆಗೆ ‘ಮಾತ್ರ’ ಎಂದು ಸೇರಿಸುವುದೂ, ಇಂಗ್ಲಿಷಿನ ಚೆಕ್ಕಿನಲ್ಲಿ ‘ಓನ್ಲಿ’ ಎಂದು ಮುಗಿಸುವುದೂ ಒಂದೇ ಉದ್ದೇಶದಿಂದ: ಅದರ ಮುಂದೆ ಯಾರೂ ಏನನ್ನೂ ಸೇರಿಸದಿರಲೆಂದು.

ಹಾಗಾದರೆ ‘ಏ’ಕಾರವನ್ನು ಇಂಗ್ಲಿಷಿಗೆ ತರುವಾಗ ಏನು ಮಾಡಬೇಕು? ನಾವು ತರಗತಿಯಲ್ಲಿ ಹೇಳಿಕೊಡುವ ಉಪಾಯವು ಸರಳವಾದುದು. ‘ಏ’ಕಾರವನ್ನು ತೆಗೆದು ಅದರ ಸ್ಥಾನದಲ್ಲಿ ‘ಮಾತ್ರ’ ಎಂಬ ಪದವನ್ನಿಟ್ಟು ನೋಡಿರಿ. ಅರ್ಥವು ಕೆಡದಿದ್ದರೆ ‘ಓನ್ಲಿ’ ಸಲ್ಲುತ್ತದೆ. ಕೆಟ್ಟರೆ ಬೇರೆ ಮಾತನ್ನು ಹುಡುಕಬೇಕು. “ಹಾಲನ್ನೇ ಕುಡಿಯುತ್ತಾನೆ” ಎಂಬುದನ್ನು “ಹಾಲನ್ನು ಮಾತ್ರ ಕುಡಿಯುತ್ತಾನೆ” ಎನ್ನಬಹುದು. ಆದುದರಿಂದ ಅಲ್ಲಿ ‘ಓನ್ಲಿ’ ಸರಿ. “ಈಗ ಮಾತ್ರ ಹೊರಡು” ಎಂದರೆ ಅಭಿಪ್ರಾಯ ಕೆಡುತ್ತದೆ. ಅಲ್ಲಿಗೆ ‘ಅಟ್ ಒನ್ಸ್’ ಬೇಕು. “ಇಲ್ಲೇ ಇದೆ” ಎಂಬುದಕ್ಕೆ ‘ರೈಟ್ ಹಿಯರ್’. “ನಾನೇ ಬರೆದೆ” ಎಂಬಲ್ಲಿ ಸ್ವತಃ ಎಂಬ ಅರ್ಥವಿದ್ದರೆ ‘ಮೈಸೆಲ್ಫ್’. “ಸೋಮವಾರ ಮಾತ್ರ ಬನ್ನಿ” ಎಂಬುದು ಆ ತಂದೆಯ ಮನಸ್ಸಿನಲ್ಲಿರಲಿಲ್ಲ. ತಡಮಾಡಬೇಡಿರೆಂಬುದು ಅವರ ಆತುರ. ಅದಕ್ಕೆ ‘ನೋ ಲೇಟರ್ ದ್ಯಾನ್ ಮಂಡೇ’ ಎಂದೋ, ‘ಬೈ ಮಂಡೇ ಇಫ್ ಯು ಕ್ಯಾನ್’ ಎಂದೋ ಬರೆಯಬಹುದಾಗಿತ್ತು.

ಇನ್ನು ಪದದ ಸ್ಥಾನವನ್ನು ಕುರಿತು ಒಂದು ಮಾತು. ನಮ್ಮ ‘ಏ’ಕಾರವಾಗಲಿ ‘ಮಾತ್ರ’ವಾಗಲಿ ತನಗೆ ಸಂಬಂಧಿಸಿದ ಪದದ ಬೆನ್ನಿಗೇ ನಿಲ್ಲುತ್ತದೆ, ‘ಓನ್ಲಿ’ ಹಾಗಲ್ಲ, ಅದು ವಾಕ್ಯದಲ್ಲಿ ಅಲೆದಾಡುತ್ತದೆ. ರೋಗಿಯ ಆರೈಕೆಗೆ ‘ಓನ್ಲಿ ಗಿವ್ ಮಿಲ್ಕ್ ಅಟ್ ನೈಟ್’ ಎಂದು ಚೀಟಿ ಬರೆದರೆ, ರಾತ್ರಿ ಅನ್ನವನ್ನು ಕೊಡಬಾರದೋ, ಹಗಲು ಹಾಲನ್ನು ಕೊಡಬಾರದೋ ತಿಳಿಯದು. ‘ಗಿವ್ ಓನ್ಲಿ ಮಿಲ್ಕ್ ಅಟ್ ನೈಟ್’ ಎಂದರೆ ರಾತ್ರಿ ಹಾಲನ್ನು ಮಾತ್ರ ಕೊಡಬೇಕು. ‘ಗಿವ್ ಮಿಲ್ಕ್ ಓನ್ಲಿ ಅಟ್ ನೈಟ್’ ಎಂದರೆ ಹಾಲನ್ನು ರಾತ್ರಿ ಮಾತ್ರ ಕೊಡಬೇಕು. 1926ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷು ಪ್ರಯೋಗಕೋಶದಲ್ಲಿ ಫೌಲರ್ ಎಂಬ ವಿದ್ವಾಂಸರು ಈ ಪದದ ವಿಷಯದಲ್ಲಿ ಅತಿ ಕಟ್ಟುನಿಟ್ಟು ಸಲ್ಲದೆಂದೂ, ಅರ್ಥಕ್ಕೆ ಬಾಧಕವಿಲ್ಲದ ಕಡೆ ರೂಢಿಯಂತೆ ಕ್ರಿಯಾಪದದ ಹಿಂದೆ ಅದನ್ನು ಇಡುವುದರಲ್ಲಿ ತಪ್ಪಿಲ್ಲವೆಂದೂ ವಾದಿಸಿದ್ದಾರೆ. ಮಾತಿನಲ್ಲಿ ಇದು ಸರಿಯೇ. ಧ್ವನಿಯ ಒತ್ತು ದಾರಿ ತೋರಿಸುತ್ತದೆ. ಬರಹಕ್ಕೆ ಧ್ವನಿಯಿಲ್ಲ, ಸಂದೇಹಕ್ಕೆ ಎಡೆಯಿರುವ ಕಡೆ ಪದವನ್ನು ಅದರ ಒಡೆಯನ ಪಕ್ಕದಲ್ಲಿಡುವುದೇ ಕ್ಷೇಮ.

‘ಐ ಆಮ್ ಹಿಯರ್ ಓನ್ಲಿ’ ಎಂದು ನಮ್ಮವರು ನಮ್ಮವರೊಡನೆ ಆಡಿಕೊಂಡರೆ ನಗಬೇಕಾದುದಿಲ್ಲ. ಭಾರತದಲ್ಲಿ ಬೆಳೆದ ಇಂಗ್ಲಿಷಿನ ಒಂದು ಲಕ್ಷಣವೆಂದು ಭಾಷಾಶಾಸ್ತ್ರಜ್ಞರು ಇದನ್ನು ಗುರುತಿಸಿದ್ದಾರೆ. ಹೇಳಿದವರಿಗೂ ಕೇಳಿದವರಿಗೂ ಒಂದೇ ಅರ್ಥವಾದಮೇಲೆ ಹಾನಿಯೇನು? ನಮ್ಮ ‘ಏ’ಕಾರವನ್ನು ಅರಿಯದ ಪರಸ್ಥಳದವರಿಗೆ, ಕರಾರಿನಲ್ಲಿ, ಔಷಧದ ಚೀಟಿಯಲ್ಲಿ ಬರೆಯುವಾಗ ಎಚ್ಚರ ಬೇಕು.

ವಿಜಯಪುರದ ಆ ಹುಡುಗನಿಗೆ ನಾವು ಹೇಳಿದ ಉತ್ತರವಿಷ್ಟು: “ನಿಮ್ಮ ತಂದೆ ಆಡಿದ ಪದಗಳನ್ನೆಲ್ಲ ಬರೆದೆ, ಅವರ ‘ಏ’ಕಾರಕ್ಕೆ ಏನರ್ಥವೆಂದು ಒಂದು ಗಳಿಗೆ ಯೋಚಿಸಲಿಲ್ಲ.” ಅವನು ತಪ್ಪಿದುದು ಇಂಗ್ಲಿಷಿನಲ್ಲಿ ಎನ್ನುವುದಕ್ಕಿಂತ ಕನ್ನಡವನ್ನು ಕೇಳಿಕೊಳ್ಳುವುದರಲ್ಲಿ. ಮನೆಯ ಮಾತನ್ನು ಗಮನವಿಟ್ಟು ಕೇಳಿದವನಿಗೆ ಪರಭಾಷೆಯ ಅರ್ಧ ಕಷ್ಟ ಅಲ್ಲಿಗೇ ತೀರುತ್ತದೆ.